ಫ್ರಿಜ್ಜಿಗೂ ಗೊತ್ತು ಬೆಂಗಳೂರಿನ ಎತ್ತರ

ಹಳೆಯ ಫ್ರಿಜ್ಜಿನ ಥರ್ಮೋಸ್ಟಾಟ್ ಕೆಟ್ಟು ಹೊಸದನ್ನು ಹಾಕಿಸಿದ ಮನೆಗಳಲ್ಲಿ ಕೇಳಿಬರುವ ದೂರು ಬಹುತೇಕ ಒಂದೇ. ಮೊದಲು ತಂಪೇ ಆಗುತ್ತಿರಲಿಲ್ಲ, ಈಗ ಎಲ್ಲವೂ ಗಡ್ಡೆ ಕಟ್ಟುತ್ತಿದೆ! ಕೊತ್ತಂಬರಿ ಸೊಪ್ಪು ಗಾಜಿನ ಚೂರಿನಂತೆ ಮುರಿಯುತ್ತದೆ. ಹಾಲಿನ ಪಾತ್ರೆಯ ಅಂಚಿನಲ್ಲಿ ಮಂಜಿನ ಬಿಲ್ಲೆ. ಮರುದಿನಕ್ಕೆಂದು ಎತ್ತಿಟ್ಟ ದೋಸೆ ಹಿಟ್ಟು ಕಲ್ಲು. ರಿಪೇರಿಯವನು ಪಾರ್ಟು ಸರಿಯಿಲ್ಲವೆನ್ನುತ್ತಾನೆ, ಪಾರ್ಟು ಮಾರಿದವನು ಹಾಕಿದ ಕೈ ಸರಿಯಿಲ್ಲವೆನ್ನುತ್ತಾನೆ. ಇಬ್ಬರ ಮಾತಿನಲ್ಲೂ ಕೆಲವೊಮ್ಮೆ ಸತ್ಯವಿರುತ್ತದೆ. ಆದರೆ ಇಬ್ಬರೂ ಹೆಸರೆತ್ತದ ಮೂರನೆಯ ಆರೋಪಿಯೊಂದಿದೆ. ಅದು ಬೆಂಗಳೂರು ಊರೇ! ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್, ಅಂದರೆ ಮೂರು ಸಾವಿರ ಅಡಿ ಎತ್ತರದಲ್ಲಿ ಈ ಊರು ಕುಳಿತಿದೆ ಎಂಬ ಸಂಗತಿ.

ಊರಿನ ಎತ್ತರಕ್ಕೂ ಅಡುಗೆಮನೆಯ ಪೆಟ್ಟಿಗೆಗೂ ಏನು ಸಂಬಂಧ? ಇದನ್ನು ತಿಳಿಯಲು ಥರ್ಮೋಸ್ಟಾಟಿನ ಹೊಟ್ಟೆಯೊಳಗೆ ಇಣುಕಬೇಕು.

ಫ್ರಿಜ್ಜಿನ ಒಳಗೆ ತಿರುಗಿಸುವ ನಾಬ್ ಎಲ್ಲರಿಗೂ ಗೊತ್ತು. ಅದರ ಮೇಲಿನ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳಲ್ಲ. 5ಕ್ಕೆ ಇಟ್ಟರೆ 5 ಡಿಗ್ರಿ ಎಂದು ತಿಳಿದವರು ಇಂದಿಗೂ ಬಹಳ ಮಂದಿ. ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು, ಅಷ್ಟೇ ಅರ್ಥ. ಆ ನಾಬಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಡಬ್ಬಿ. ಅದರಿಂದ ಹೊರಟ, ದಾರದಷ್ಟು ಸಣ್ಣ ತಾಮ್ರದ ಕೊಳವೆಯೊಂದು ಮಂಜು ಕಟ್ಟುವ ಖಾನೆಯ ಗೋಡೆಗೆ ಅಂಟಿ ಕೂತಿರುತ್ತದೆ. ಕೊಳವೆಯೊಳಗೆ ಬೇಗ ಆವಿಯಾಗುವ ಒಂದು ದ್ರವವನ್ನು ಚೂರೇ ಚೂರು ತುಂಬಿ ಬಾಯಿ ಮುಚ್ಚಿರುತ್ತಾರೆ. ಕೊಳವೆಯ ಇನ್ನೊಂದು ತುದಿ ಡಬ್ಬಿಯೊಳಗಿನ ಒಂದು ಲೋಹದ ತಿದಿಗೆ ಸೇರಿದೆ. ಹೌದು, ಕಮ್ಮಾರನ ಕುಲುಮೆಯ ತಿದಿಯಂಥದೇ, ಆದರೆ ಬೆರಳುಗುರಿನ ಗಾತ್ರದ್ದು. ಖಾನೆ ಬೆಚ್ಚಗಾದರೆ ಕೊಳವೆಯೊಳಗಿನ ಆವಿಯ ಒತ್ತಡ ಏರಿ ತಿದಿ ಉಬ್ಬುತ್ತದೆ. ಉಬ್ಬಿದ ತಿದಿ ಸ್ವಿಚ್ಚನ್ನು ಒತ್ತುತ್ತದೆ, ಕಂಪ್ರೆಸರ್ ಗುಂಯ್‌ಗುಡತೊಡಗುತ್ತದೆ. ಖಾನೆ ತಣ್ಣಗಾದರೆ ಆವಿಯ ಒತ್ತಡ ಇಳಿದು ತಿದಿ ಕುಗ್ಗುತ್ತದೆ, ‘ಟಕ್’ ಎಂದು ಸ್ವಿಚ್ಚು ಬಿಟ್ಟುಕೊಳ್ಳುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ನಾವು ಕೇಳುವ ಆ ಟಕ್ ಇದೇ.

ತಿದಿಯನ್ನು ಒಳಗಿನಿಂದ ಆವಿ ತಳ್ಳುತ್ತದೆ. ಹೊರಗಿನಿಂದ ತಡೆಯುವವರು ಇಬ್ಬರು. ಒಂದು, ಸ್ಪ್ರಿಂಗು. ನಾವು ನಾಬ್ ತಿರುಗಿಸುವುದೆಂದರೆ ಈ ಸ್ಪ್ರಿಂಗನ್ನು ಬಿಗಿ ಅಥವಾ ಸಡಿಲ ಮಾಡುವುದು. ಇನ್ನೊಂದು, ನಮ್ಮ ಸುತ್ತಲಿನ ಗಾಳಿ! ವಾಯುಮಂಡಲದ ಒತ್ತಡವೂ ಸದ್ದಿಲ್ಲದೆ ತಿದಿಯನ್ನು ಅಮುಕುತ್ತಿರುತ್ತದೆ. ಚೆನ್ನೈಯ ಕಡಲ ದಂಡೆಯಲ್ಲಿ ಈ ಒತ್ತಡ ಸುಮಾರು 1010 ಮಿಲಿಬಾರ್. ಬೆಂಗಳೂರಿನಲ್ಲಿ ಅದು ಸುಮಾರು 910. ಹತ್ತರಲ್ಲಿ ಒಂದು ಪಾಲು ಕಡಿಮೆ. ತಡೆಯುವ ಕೈ ಸಡಿಲವಾದರೆ ತಿದಿ ಸ್ವಲ್ಪವೇ ಒತ್ತಡಕ್ಕೂ ಉಬ್ಬುತ್ತದೆ. ಖಾನೆ ಇನ್ನೂ ಸಾಕಷ್ಟು ತಣ್ಣಗಿರುವಾಗಲೇ ಕಂಪ್ರೆಸರ್ ಶುರುವಾಗುತ್ತದೆ, ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನಷ್ಟು ತಣ್ಣಗಾದ ಮೇಲೆ ನಿಲ್ಲುತ್ತದೆ.

ಎಷ್ಟು ವ್ಯತ್ಯಾಸ? ಲೆಕ್ಕ ಕಷ್ಟದ್ದಲ್ಲ. ಹಳೆಯ ಫ್ರಿಜ್ಜುಗಳಲ್ಲಿ ತಂಪು ಹುಟ್ಟಿಸಲು ಬಳಸುತ್ತಿದ್ದ ಆರ್-12 ಅನಿಲವನ್ನೇ ಕೊಳವೆಯಲ್ಲಿ ತುಂಬಿದ್ದಾರೆನ್ನಿ. ಸೊನ್ನೆಗಿಂತ 15 ಡಿಗ್ರಿ ಕೆಳಗೆ ಅದರ ಒತ್ತಡ ಪ್ರತಿ ಡಿಗ್ರಿಗೆ ಸುಮಾರು 70 ಮಿಲಿಬಾರ್ ಬದಲಾಗುತ್ತದೆ. ಬೆಂಗಳೂರಿನ ಎತ್ತರ ಕಸಿದುಕೊಂಡ 100 ಮಿಲಿಬಾರ್ ಎಂದರೆ ಒಂದೂವರೆ ಡಿಗ್ರಿಗೆ ಸಮ. ತುಂಬಿದ್ದು ಐಸೋಬ್ಯೂಟೇನಿನಂಥ ಕಡಿಮೆ ಒತ್ತಡದ ಅನಿಲವಾದರೆ ಮೂರು ಡಿಗ್ರಿಯ ಹತ್ತಿರ. ಥರ್ಮೋಸ್ಟಾಟ್ ತಯಾರಕರು ತಮ್ಮ ಅಳತೆಗಳನ್ನು ಕಡಲ ಮಟ್ಟದ ಒತ್ತಡಕ್ಕೆ ಹೇಳಿ, ಎತ್ತರದ ಊರುಗಳಿಗೆ ತಿದ್ದುಪಡಿಯ ಪಟ್ಟಿ ಕೊಡುವುದುಂಟು. ಆ ಪಟ್ಟಿ ಪೇಟೆಯ ಗಲ್ಲಿಯ ರಿಪೇರಿ ಅಂಗಡಿಯವರೆಗೆ ಬಂದು ಮುಟ್ಟುವುದು ಅಪರೂಪ. ಮಂಗಳೂರಿನಲ್ಲಿ ಸರಿಯಾಗಿ ಕೂತ ಪಾರ್ಟು ಮಡಿಕೇರಿಯಲ್ಲಿ ಸೊಪ್ಪು ಸುಡುವುದು ಹೀಗೆ.

ಈ ಎತ್ತರಕ್ಕಾಗಿಯೇ ಒಂದು ಕಾಲದಲ್ಲಿ ಜನ ಬೆಂಗಳೂರನ್ನು ಹುಡುಕಿಕೊಂಡು ಬಂದರು ಎಂಬುದನ್ನೂ ನೆನೆಯಬೇಕು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಜ್ವರದ ಹವೆ ಬಿಟ್ಟು ಇಲ್ಲಿ ದಂಡು ಹೂಡಿದ್ದಕ್ಕೆ ಊರಿನ ತಂಪೂ ಒಂದು ಕಾರಣ. ಇಲ್ಲಿ ನೀರು 100ಕ್ಕಲ್ಲ, 97 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಲು ತಡ ಎಂದು ಗೊಣಗುವ ಗೃಹಿಣಿಗೂ, ಹಾಲು ಗಡ್ಡೆ ಕಟ್ಟಿತೆಂದು ಗೊಣಗುವ ಗೃಹಿಣಿಗೂ ತೊಂದರೆ ಕೊಡುತ್ತಿರುವುದು ಒಂದೇ ತೆಳು ಗಾಳಿ.

ಲೋಹದ ತಿದಿಗೆ ಗಾಳಿಯ ಒತ್ತಡ ತಿಳಿಯುವುದು ಆಕಸ್ಮಿಕವಲ್ಲ. ಅದು ಅದರ ವಂಶದ ಗುಣ. 1844ರಲ್ಲಿ ಫ್ರಾನ್ಸಿನ ಲೂಸಿಯನ್ ವಿದಿ ಎಂಬಾತ ಪಾದರಸವಿಲ್ಲದ ವಾಯುಭಾರಮಾಪಕಕ್ಕೆ ಪೇಟೆಂಟ್ ಪಡೆದ. ಗಾಳಿ ತೆಗೆದ ತೆಳು ಲೋಹದ ಡಬ್ಬಿ ಹೊರಗಿನ ಒತ್ತಡಕ್ಕೆ ತಕ್ಕಂತೆ ಉಬ್ಬಿ ಕುಗ್ಗುವುದೇ ಅದರ ಮರ್ಮ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಟೆನೆಸಿ ಪ್ರಾಂತದ ಹವಾಮಾನ ಇಲಾಖೆಯ ನೌಕರ ವೆಸ್ಟನ್ ಫುಲ್ಟನ್ ಬೆಸುಗೆಯ ಗೆರೆಯೇ ಇಲ್ಲದ ಲೋಹದ ತಿದಿಯನ್ನು ಮಾಡಿದ. ‘ಸಿಲ್ಫನ್’ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಮಳೆ ಬಿಸಿಲು ಅಳೆಯುವವನ ಕೈಯಿಂದ ಬಂದ ಸಾಧನ ಅದು. ಆದ್ದರಿಂದ ಫ್ರಿಜ್ಜಿನೊಳಗಿನ ಥರ್ಮೋಸ್ಟಾಟ್ ಅರ್ಧ ಉಷ್ಣಮಾಪಕ, ಅರ್ಧ ವಾಯುಭಾರಮಾಪಕ ಎಂದರೆ ತಪ್ಪಾಗದು. ಬೆಂಗಳೂರಿನಲ್ಲಿ ದಿನವೂ ಗಾಳಿಯ ಒತ್ತಡ ಕೆಲವು ಮಿಲಿಬಾರ್ ಏರಿಳಿಯುವುದನ್ನೂ ಅದು ಗಮನಿಸುತ್ತದೆ. ಆದರೆ ಆ ಏರಿಳಿತ ಡಿಗ್ರಿಯ ಇಪ್ಪತ್ತನೇ ಒಂದು ಪಾಲಿನಷ್ಟು, ನಮ್ಮ ಹಾಲು ಮೊಸರಿಗೆ ಲೆಕ್ಕಕ್ಕಿಲ್ಲ.

‘ಥರ್ಮೋಸ್ಟಾಟ್’ ಎಂಬ ಪದ ಇನ್ನೂ ಹಳೆಯದು. 1830ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ತನ್ನ ಪೇಟೆಂಟಿನಲ್ಲಿ ಆ ಹೆಸರು ಕೊಟ್ಟ. ವಿದ್ಯುತ್ ಥರ್ಮೋಸ್ಟಾಟಿನ ಕತೆಯಲ್ಲಿ ಬರುವವನು ಒಬ್ಬ ಮೇಷ್ಟ್ರು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಶಿಕ್ಷಕರ ತರಬೇತಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ವಾರೆನ್ ಜಾನ್ಸನ್‌ಗೆ, ಜವಾನ ಆಗಾಗ ತರಗತಿಗೆ ನುಗ್ಗಿ ಉಷ್ಣತೆ ನೋಡಿಕೊಂಡು ಹೋಗುವುದು ಪಾಠಕ್ಕೆ ಅಡ್ಡಿಯಾಗುತ್ತಿತ್ತು. 1883ರಲ್ಲಿ ಅವನು ಪೇಟೆಂಟ್ ಪಡೆದ ಸಾಧನ, ಕೋಣೆ ಬಿಸಿಯಾದರೆ ಅಥವಾ ತಣ್ಣಗಾದರೆ ಕೆಳಗಿನ ಬಾಯ್ಲರ್ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿ ಜವಾನ ಕೆಲಸ ಮಾಡಬೇಕಿತ್ತು. ಫ್ರಿಜ್ಜಿಗೆ ಆ ಜವಾನನೂ ಬೇಡವಾದದ್ದು 1918ರ ಸುಮಾರಿಗೆ. ಉಷ್ಣವಿಜ್ಞಾನದ ಲಾರ್ಡ್ ಕೆಲ್ವಿನ್ ಹೆಸರನ್ನು ಹೊತ್ತ ಅಮೆರಿಕದ ಕೆಲ್ವಿನೇಟರ್ ಕಂಪನಿ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವ ಮನೆಬಳಕೆಯ ಫ್ರಿಜ್ಜನ್ನು ಮಾರುಕಟ್ಟೆಗೆ ತಂದದ್ದು ಆಗ.

ಫ್ರಿಜ್ಜಿಗೆ ಮೊದಲು ಬೇಕಾದದ್ದು ವಿದ್ಯುತ್. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರು ಪೇಟೆಯ ದೀಪಗಳು ಹತ್ತಿದವು. ದೀಪ ಬಂದಷ್ಟು ಬೇಗ ಫ್ರಿಜ್ ಬರಲಿಲ್ಲ. ಸ್ವದೇಶಿ ಫ್ರಿಜ್ಜಿಗೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಾಯಬೇಕಾಯಿತು. 1958ರಲ್ಲಿ ಗೋದ್ರೆಜ್ ಕಂಪನಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಹಯೋಗದಲ್ಲಿ ಮುಂಬೈನಲ್ಲಿ ಫ್ರಿಜ್ ತಯಾರಿಸಿತು. ಆಮೇಲೆ ಫರೀದಾಬಾದಿನ ಕೆಲ್ವಿನೇಟರ್, ಹೈದರಾಬಾದಿನ ಆಲ್ವಿನ್. ಮುಂಬೈ ಕಡಲ ಮಟ್ಟದ್ದು, ಫರೀದಾಬಾದ್ ಸುಮಾರು 200 ಮೀಟರ್, ಹೈದರಾಬಾದ್ 500 ಚಿಲ್ಲರೆ. ಇವಾವೂ ಬೆಂಗಳೂರಿನಷ್ಟು ಎತ್ತರದಲ್ಲಿಲ್ಲ ಎಂಬುದನ್ನು ಗಮನಿಸಿ. ಹೊಸ ಫ್ರಿಜ್ ಮನೆಗೆ ಬಂದಾಗ ನಾಬನ್ನು ಒಂದು ಅಂಕಿ ಹಿಂದಕ್ಕೆ ತಿರುಗಿಸಿ ಜನ ಸುಧಾರಿಸಿಕೊಂಡರು. ಎತ್ತರದ ಲೆಕ್ಕ ಯಾರಿಗೂ ಬೇಕಾಗಲಿಲ್ಲ.

ಈ ಕತೆಯನ್ನು ಉಪ್ಪಾರಪೇಟೆಯಿಂದ ನೋಡಿದರೆ ಇನ್ನೊಂದು ಮಗ್ಗುಲು ಕಾಣುತ್ತದೆ. ಮೆಜೆಸ್ಟಿಕ್ಕಿನ ಗದ್ದಲದ ಪಕ್ಕದಲ್ಲೇ, ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿದ್ದು ಈಗ ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗಕ್ಕೆ ಅಂಟಿಕೊಂಡ ಪೇಟೆ ಇದು. ಈಗ ಲಾಡ್ಜುಗಳು, ಹೋಟೆಲುಗಳು, ಅಂಗಡಿ ಸಾಲುಗಳು. ಹೆಸರು ಮಾತ್ರ ಉಪ್ಪಿನದು. ಅಕ್ಕಿಪೇಟೆಗೆ ಅಕ್ಕಿ, ಕುಂಬಾರಪೇಟೆಗೆ ಕುಂಬಾರರು ಇದ್ದ ಹಾಗೆ ಉಪ್ಪಾರಪೇಟೆಗೆ ಉಪ್ಪಾರರು. ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಸೋಸಿ, ಬಿಸಿಲಿಗಿಟ್ಟು ಇಲ್ಲವೇ ಕುದಿಸಿ ಉಪ್ಪು ತೆಗೆಯುವುದು ಅವರ ಕುಲಕಸುಬು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಉಪ್ಪಾರರನ್ನು ಪೆಟ್ಲುಪ್ಪು ತಯಾರಿಸುವವರೆಂದೂ, ಅವರಲ್ಲಿ ಒಂದು ಪಂಗಡ ಮಣ್ಣುಪ್ಪಿನ ಕೆಲಸ, ಇನ್ನೊಂದು ಪಂಗಡ ಇಟ್ಟಿಗೆ-ಗಾರೆಯ ಕೆಲಸ ಮಾಡುವವರೆಂದೂ ಗುರುತಿಸುತ್ತದೆ. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ಬಂದು, ಕಡಲುಪ್ಪು ಅಗ್ಗವಾಗಿ ಸಿಗತೊಡಗಿದ ಮೇಲೆ ಮಣ್ಣುಪ್ಪನ್ನು ಕೇಳುವವರು ಕಡಿಮೆಯಾದರು. ಗಾರೆ ಕೆಲಸ ಉಳಿಯಿತು.

ಫ್ರಿಜ್ ಬರುವ ಮೊದಲು ಮನೆಯ ಪದಾರ್ಥ ಕೆಡದಂತೆ ಕಾಯುತ್ತಿದ್ದವನು ಉಪ್ಪೇ. ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಉಪ್ಪು ಹಾಕಿ ಒಣಗಿಸಿದ ಮೀನು, ಎಲ್ಲದರಲ್ಲೂ ಅವನದೇ ಕಾವಲು. ಆದರೆ ಉಪ್ಪಿಗೂ ತಂಪಿಗೂ ನೇರ ನಂಟು ಇದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ನೀರು ತಂಪು ಮಾಡುವ ಒಂದು ಕ್ರಮವನ್ನು ವಿವರಿಸಿದ್ದಾನೆ. ಒಂದು ಸೇರು ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಕಟ್ಟಬೇಕು. ಅಗಲ ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿ, ಹೂಜಿಯನ್ನು ಅದರಲ್ಲಿ ಕಾಲು ಗಂಟೆ ತಿರುಗಿಸುತ್ತಿರಬೇಕು. ಕರಗುವ ಪೆಟ್ಲುಪ್ಪು ಸುತ್ತಲ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಉಪ್ಪಾರರು ಮಣ್ಣಿನಿಂದ ತೆಗೆಯುತ್ತಿದ್ದುದು ಇದೇ ಪೆಟ್ಲುಪ್ಪು. ಮೈಸೂರು ಸೀಮೆಯಲ್ಲಿ ಅದರ ಹೆಚ್ಚಿನ ಪಾಲು ಶರಬತ್ತಿಗಲ್ಲ, ಮದ್ದಿನ ಪುಡಿಗೆ ಹೋಗುತ್ತಿತ್ತೆನ್ನಿ. ಟಿಪ್ಪುವಿನ ರಾಕೆಟ್ಟುಗಳ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡ ತಾರಾಮಂಡಲಪೇಟೆ ಇದೇ ಊರಿನಲ್ಲಿದೆ.

ಆಮೇಲೆ ಬಂದದ್ದು ಹಡಗಿನ ಮಂಜುಗಡ್ಡೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಬೋಸ್ಟನ್ನಿನ ವ್ಯಾಪಾರಿ ಕಳಿಸಿದ ‘ಟಸ್ಕನಿ’ ಹಡಗು ನಾಲ್ಕು ತಿಂಗಳ ಪಯಣದ ನಂತರ ಕಲ್ಕತ್ತೆ ತಲುಪಿತು. ಹೊರಟಾಗ 180 ಟನ್, ಇಳಿದಾಗ ಸುಮಾರು 100 ಟನ್ ಗಡ್ಡೆ. ಅದರ ಉಗ್ರಾಣವಾಗಿ ಮದರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸಿನಲ್ಲೇ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಹಬೆಯಂತ್ರಗಳು ಇಲ್ಲಿಯೇ ಗಡ್ಡೆ ಮಾಡತೊಡಗಿದ ಮೇಲೆ ಆ ವ್ಯಾಪಾರ ಮುಗಿಯಿತು.

ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಏನಾಗುತ್ತದೆ ಎಂಬುದು ಕೈಯಿಂದ ತಿರುಗಿಸುವ ಐಸ್‌ಕ್ರೀಂ ಡಬ್ಬಿ ಕಂಡವರಿಗೆ ಗೊತ್ತು. ಬರೀ ಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ. ಮೂರು ಪಾಲು ಗಡ್ಡೆಗೆ ಒಂದು ಪಾಲು ಉಪ್ಪು ಬೆರೆಸಿದರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಸಬಹುದು. ಥರ್ಮೋಸ್ಟಾಟಿನ ಕತೆಗೆ ಉಪ್ಪು ಮರಳಿ ಬರುವುದು ಇಲ್ಲೇ. ಪಾರ್ಟನ್ನು ಫ್ರಿಜ್ಜಿಗೆ ಕೂರಿಸುವ ಮೊದಲೇ ಪರೀಕ್ಷಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಕುಟ್ಟಿದ ಗಡ್ಡೆ, ಕಲ್ಲುಪ್ಪು, ಒಂದು ಥರ್ಮಾಮೀಟರ್. ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿ ಟಕ್ ಎನ್ನುವುದು ಎಷ್ಟು ಡಿಗ್ರಿಗೆಂದು ನೋಡಬಹುದು. ಕುದಿಯುವ ನೀರಿನ ಹಾಗೆ ಕರಗುವ ಗಡ್ಡೆ ಊರಿನ ಎತ್ತರಕ್ಕೆ ಬಗ್ಗುವುದಿಲ್ಲ. ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಅದರ ಸೊನ್ನೆ ಸೊನ್ನೆಯೇ.

ಇಷ್ಟು ತೊಂದರೆ ಯಾಕೆ, ಹೊಸ ಫ್ರಿಜ್ಜನ್ನೇ ತಂದರಾಯಿತಲ್ಲ ಎನ್ನಬಹುದು. ತರಬಲ್ಲವರು ತರುತ್ತಾರೆ. ತರಲಾಗದವರ ಮನೆಯಲ್ಲಿ ಹಳೆಯ ಫ್ರಿಜ್ಜಿನ ಆಯುಸ್ಸು ನಿಂತಿರುವುದು ಈ ಸಣ್ಣ ಪಾರ್ಟಿನ ಮೇಲೆ. ಕಾರಣವಿದೆ. 1928ರ ಸುಮಾರಿಗೆ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ರೂಪಿಸಿದ ಆರ್-12 ಅನಿಲ ವಿಷವೂ ಅಲ್ಲ, ಬೆಂಕಿಯೂ ಹತ್ತದು ಎಂದು ಜಗತ್ತೇ ಕೊಂಡಾಡಿತ್ತು. ಓಜೋನ್ ಪದರಕ್ಕೆ ಅದು ತೂತು ಕೊರೆಯುತ್ತದೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. 2010ರ ಹೊತ್ತಿಗೆ ಇಲ್ಲಿ ಅದರ ಬಳಕೆ ಬಹುಮಟ್ಟಿಗೆ ನಿಂತಿತು. ಗ್ಯಾಸ್ ಸೋರಿದ ಆ ಕಾಲದ ಫ್ರಿಜ್ಜನ್ನು ಮತ್ತೆ ತುಂಬಿಸುವುದು ಈಗ ದೊಡ್ಡ ತಲೆನೋವು. ಗ್ಯಾಸ್ ಉಳಿದಿದ್ದು ಥರ್ಮೋಸ್ಟಾಟ್ ಮಾತ್ರ ಸತ್ತಿದ್ದರೆ ಅದು ಅದೃಷ್ಟ. ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಪಾರ್ಟು ಸಿಗುತ್ತದೆ. ಸಿಕ್ಕಿದ್ದು ಅದೇ ಮಾದರಿಯ ಫ್ರಿಜ್ಜಿನದು ಎಂಬ ಖಾತರಿ ಇರುವುದಿಲ್ಲ. ಹೊಂದಿಸುವ ಕೆಲಸ ಆಗ ಬರುತ್ತದೆ.

ಹೊಂದಿಸದಿದ್ದರೆ ಹೋಗುವುದು ಕೊತ್ತಂಬರಿ ಸೊಪ್ಪು ಮಾತ್ರವಲ್ಲ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಾಣಬಹುದು. ಆದರೆ ಅದನ್ನು ನಂಬಿ ಚುಚ್ಚಿಕೊಳ್ಳುವಂತಿಲ್ಲ. ಹಾಲು ಗಡ್ಡೆ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ. ರಾತ್ರಿ ಹೆಪ್ಪುಗಟ್ಟಿ, ಕರೆಂಟು ಹೋಗಿ, ಬೆಳಿಗ್ಗೆ ಕರಗಿದ ಸೀಸೆ ಏನೂ ಹೇಳುವುದಿಲ್ಲ. ಮೂರು ಡಿಗ್ರಿ ಇರಬೇಕಾದ ಕಡೆ ಒಂದೂವರೆಯಿಂದ ಮೂರು ಡಿಗ್ರಿ ಕಳೆದರೆ ಉಳಿಯುವುದೇನೆಂದು ಓದುಗರೇ ಲೆಕ್ಕ ಹಾಕಬಹುದು. ಇದರ ಮೇಲೆ ಮಾಗಿಯ ಚಳಿ. ಹೊರಗೆ ತಣ್ಣಗಿದ್ದಾಗ ಗೋಡೆಯಿಂದ ಒಳಬರುವ ಶಾಖ ಕಡಿಮೆ. ಬೇಸಿಗೆಯಲ್ಲಿಟ್ಟ ಅಂಕಿಯಲ್ಲೇ ನಾಬ್ ಬಿಟ್ಟರೆ ಡಿಸೆಂಬರಿನಲ್ಲಿ ಕೆಳಗಿನ ತಟ್ಟೆಗಳೂ ಗಡ್ಡೆ ಕಟ್ಟುವ ಮಟ್ಟಕ್ಕೆ ಇಳಿಯುತ್ತವೆ. ಇನ್ಸುಲಿನ್ನಿಗೆ ಮೇಲಿನ ಖಾನೆಯ ಹತ್ತಿರದ ಜಾಗಕ್ಕಿಂತ ಬಾಗಿಲಿನ ಅಂಕಣವೇ ಲೇಸು.

ಎಲ್ಲ ತಪ್ಪನ್ನೂ ಊರಿನ ಎತ್ತರದ ಮೇಲೆ ಹಾಕುವುದೂ ನ್ಯಾಯವಲ್ಲ. ಕೊಳವೆಯ ತುದಿ ಮಂಜಿನ ಖಾನೆಯ ಗೋಡೆಗೆ ಬಿಗಿಯಾಗಿ ಕೂರದೆ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು ಬೆಚ್ಚಗೇ ಇದ್ದು ಕಂಪ್ರೆಸರನ್ನು ನಿಲ್ಲಗೊಡುವುದಿಲ್ಲ. ಆ ಕೊಳವೆಗೆ ಇನ್ನೊಂದು ಗುಣವಿದೆ: ಉದ್ದಕ್ಕೂ ಎಲ್ಲಿ ಅತಿ ತಣ್ಣಗಿದೆಯೋ ಅಲ್ಲಿನ ಮಾತನ್ನೇ ಅದು ಕೇಳುತ್ತದೆ. ದಾರಿಯಲ್ಲಿ ಬೇರೆ ತಣ್ಣನೆ ಜಾಗಕ್ಕೆ ತಾಗಿದರೆ ಲೆಕ್ಕ ತಪ್ಪಿತು. ಮಡಿಸುವಾಗ ಬಿರುಕು ಬಿಟ್ಟು ಒಳಗಿನ ಆವಿ ಸೋರಿದರೆ ತಿದಿ ಕುಗ್ಗಿ ಕೂರುತ್ತದೆ, ಫ್ರಿಜ್ ಮತ್ತೆ ಏಳುವುದೇ ಇಲ್ಲ. ಬಾಗಿಲಿನ ರಬ್ಬರು ಸಡಿಲವಿದ್ದರೆ ಯಾವ ಥರ್ಮೋಸ್ಟಾಟೂ ಏನೂ ಮಾಡಲಾರದು.

ಇವೆಲ್ಲ ಸರಿಯಿದ್ದೂ ಗಡ್ಡೆ ಕಟ್ಟುವುದು ನಿಲ್ಲದಿದ್ದರೆ ಸ್ಕ್ರೂಗಳ ಸರದಿ. ತಿದ್ದಲು ಬರುವ ಥರ್ಮೋಸ್ಟಾಟಿನಲ್ಲಿ ನಾಬಿನ ಅಡಿ ಎರಡು ಸಣ್ಣ ಸ್ಕ್ರೂಗಳಿರುತ್ತವೆ. ಒಂದು, ಶುರುವಾಗುವ ಮತ್ತು ನಿಲ್ಲುವ ಎರಡು ಬಿಂದುಗಳನ್ನೂ ಒಟ್ಟಿಗೆ ಮೇಲೆ ಕೆಳಗೆ ಸರಿಸುವ ರೇಂಜ್ ಸ್ಕ್ರೂ. ಎತ್ತರದ ತಿದ್ದುಪಡಿ ಇದರ ಕೆಲಸ. ಇನ್ನೊಂದು, ಆ ಎರಡರ ನಡುವಿನ ಅಂತರ ಬದಲಿಸುವ ಡಿಫರೆನ್ಷಿಯಲ್ ಸ್ಕ್ರೂ. ಇದರ ಮೇಲೆ ಕೈಯಿಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಅಂತರ ತೀರ ಕಿರಿದಾದರೆ ಕಂಪ್ರೆಸರ್ ನಿಂತ ಬೆನ್ನಲ್ಲೇ ಮತ್ತೆ ಹೊರಡಲು ಯತ್ನಿಸುತ್ತದೆ. ಒಳಗಿನ ಅನಿಲದ ಒತ್ತಡ ಎರಡೂ ಕಡೆ ಸಮವಾಗಲು ಅದಕ್ಕೆ ಕೆಲವು ನಿಮಿಷ ಬೇಕು. ಆ ಬಿಡುವು ಸಿಗದೆ ಪದೇ ಪದೇ ಏದುಸಿರು ಬಿಟ್ಟರೆ ಮೋಟಾರಿನ ಸುರುಳಿಯೇ ಸುಡುತ್ತದೆ.

ಪ್ಲಗ್ ಕಿತ್ತ ಮೇಲೆಯೇ ಈ ಕೆಲಸ, ಅದೂ ಬಲ್ಲವರ ಕೈಯಿಂದ. ಯಾವ ಕಡೆ ತಿರುಗಿಸಿದರೆ ಬೆಚ್ಚಗೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಒಮ್ಮೆಗೆ ಎಂಟನೇ ಒಂದು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ನಾಬನ್ನು ನಡುವಿನ ಅಂಕಿಗೆ ಇಟ್ಟು, ನಡುವಿನ ತಟ್ಟೆಯ ಮೇಲೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ಬಾಗಿಲು ಮುಚ್ಚಿ ರಾತ್ರಿ ಕಳೆಯಬೇಕು. ಬೆಳಿಗ್ಗೆ ಅದು 4 ಡಿಗ್ರಿ ತೋರಿಸಿದರೆ ಡಬ್ಬಿಯ ಮುಚ್ಚಳ ಹಾಕಬಹುದು. 1 ತೋರಿಸಿದರೆ ಇನ್ನೊಂದು ಎಂಟನೇ ಸುತ್ತು, ಇನ್ನೊಂದು ರಾತ್ರಿ.